ಬೈಕ್ ಪ್ರವಾಸ ಮುಗಿಸಿ ಯೂರೋಪಿನಿಂದ ಬ್ರಿಟನ್‌ಗೆ ಮರಳುವಾಗ ಯಾವ ಫೆರಿ ಹತ್ತಬೇಕು?

ಹೋಗುವ ಫೆರಿಯ ಬಗ್ಗೆ ಎಲ್ಲರೂ ತಿಂಗಳುಗಟ್ಟಲೆ ಮಾತಾಡುತ್ತಾರೆ. ಬರುವುದರ ಬಗ್ಗೆ ಮಾತ್ರ ‘ಆಮೇಲೆ ನೋಡೋಣ’ ಎಂದು ಬಿಡುತ್ತಾರೆ. ನಾವೂ ಮೊದಲ ಸಲ ಹಾಗೇ ಮಾಡಿದೆವು. ಎಂಟು ಜನ, ಎಂಟು ಬೈಕು, ಉತ್ತರ ಸ್ಪೇನ್‌ನ ಪೀಕೋಸ್ ದೆ ಯೂರೋಪಾ ಬೆಟ್ಟಗಳಲ್ಲಿ ಹತ್ತು ದಿನ. ಪೋತೆಸ್ ಎಂಬ ಸಣ್ಣ ಊರಿನಲ್ಲಿ ಊಟಕ್ಕೆ ಕೂತಾಗ ಯಾರೋ ಫೋನ್ ತೆಗೆದು ಸಾಂತಾಂದೇರ್‌ನಿಂದ ಇಂಗ್ಲೆಂಡಿಗೆ ಹೋಗುವ ಹಡಗು ನೋಡಿದರು. ನಮಗೆ ಬೇಕಾದ ವಾರದಲ್ಲಿ ಒಂದೂ ಕ್ಯಾಬಿನ್ ಇರಲಿಲ್ಲ. ಸರಿ, ಫ್ರಾನ್ಸಿನ ಉತ್ತರ ತುದಿಯ ಕ್ಯಾಲೆ ಬಂದರಿನವರೆಗೆ ಓಡಿಸಿಕೊಂಡೇ ಹೋಗೋಣ ಎಂದುಕೊಂಡೆವು.

ಎರಡನೇ ದಿನ ಮಧ್ಯಾಹ್ನ, ಫ್ರಾನ್ಸಿನ ಹೆದ್ದಾರಿಯಲ್ಲಿ, ಸಣ್ಣ ಮಳೆ. ನನ್ನ ಮುಂದೆ ಇದ್ದ ಗೆಳೆಯನ ಬೈಕು ಮೆಲ್ಲಗೆ ಎಡಕ್ಕೆ ವಾಲುತ್ತಾ ಹೋಯಿತು. ತಿರುವು ಇರಲಿಲ್ಲ. ಅವನು ಲೇನ್ ಬದಲಿಸುತ್ತಲೂ ಇರಲಿಲ್ಲ. ಹಾರ್ನ್ ಒತ್ತಿದೆ. ಅವನು ಬೆಚ್ಚಿ ಸರಿಯಾದ. ಮುಂದಿನ ನಿಲ್ದಾಣದಲ್ಲಿ ಹೆಲ್ಮೆಟ್ ತೆಗೆದಾಗ ಅವನ ಮುಖ ಬಿಳಿಚಿತ್ತು. ‘ಒಂದು ಕ್ಷಣ ಕಣ್ಣು ಎಳೆದುಬಿಡ್ತು’ ಎಂದಷ್ಟೇ ಹೇಳಿದ. ಗುಂಪಿನ ಹಿರಿಯರು, 60 ದಾಟಿದವರು, ಅಲ್ಲೇ ಬೆಂಚಿನ ಮೇಲೆ ಕೂತು, ‘ಇವತ್ತು ಇಷ್ಟು ಸಾಕು ಕಣ್ರಪ್ಪ, ನನ್ನ ಕೈಲಿ ಆಗೋದಿಲ್ಲ’ ಎಂದರು. ಅವರು ಬೆಳಗ್ಗೆಯಿಂದಲೇ ಸುಸ್ತಾಗಿದ್ದರಂತೆ. ಯಾರಿಗೂ ಹೇಳಿರಲಿಲ್ಲ.

ಆ ಬೆಂಚಿನ ಮೇಲೆ ನಾನು ಕಲಿತದ್ದು ಇಷ್ಟು. ಮರಳುವ ದಾರಿಯನ್ನು ಗುಂಪಿನಲ್ಲಿ ಎಲ್ಲರಿಗಿಂತ ಜಾಸ್ತಿ ದಣಿದಿರುವವರನ್ನು ನೋಡಿ ಆರಿಸಬೇಕು. ಟಿಕೆಟ್ ದರ ಆಮೇಲಿನ ಮಾತು. ಹೋಗುವಾಗ ಎಲ್ಲರ ಮೈಯಲ್ಲೂ ಹುರುಪು ಇರುತ್ತದೆ. ಬರುವಾಗ ಹತ್ತು ದಿನದ ಬಿಸಿಲು, ತಿರುವು, ಅರೆನಿದ್ದೆ ಎಲ್ಲ ಸೇರಿಕೊಂಡಿರುತ್ತದೆ. ಟೈರ್ ಸವೆದಿರುತ್ತದೆ, ಚೈನ್ ಸಡಿಲವಾಗಿರುತ್ತದೆ. ಹಾಗಾಗಿ ಹೋದ ದಾರಿಯೇ ಬರುವುದಕ್ಕೂ ಸರಿ ಎಂದುಕೊಳ್ಳಬೇಡಿ. ಒಂದು ಬಂದರಿನಿಂದ ಹೋಗಿ ಇನ್ನೊಂದರಿಂದ ಬರಲು ಧಾರಾಳವಾಗಿ ಟಿಕೆಟ್ ಮಾಡಬಹುದು.

ಸ್ಪೇನ್‌ನಿಂದ ನೇರ ಹಡಗು

ಬ್ರಿಟನ್ ಮತ್ತು ಸ್ಪೇನ್ ನಡುವೆ ಬ್ರಿಟನಿ ಫೆರೀಸ್ ಎಂಬ ಕಂಪನಿಯ ಹಡಗುಗಳು ಓಡುತ್ತವೆ. ಸಾಂತಾಂದೇರ್‌ನಿಂದ ಇಂಗ್ಲೆಂಡಿನ ಪ್ಲಿಮತ್‌ಗೂ ಪೋರ್ಟ್ಸ್‌ಮತ್‌ಗೂ, ಬಿಲ್ಬಾವೋದಿಂದ ಪೋರ್ಟ್ಸ್‌ಮತ್‌ಗೂ ಇವೆ. ಸಾಂತಾಂದೇರ್–ಪ್ಲಿಮತ್ ಸುಮಾರು 20 ಗಂಟೆ. ಅಲ್ಲಿ ಓಡುವುದು ಪಾಂಟ್ ಅವೆನ್ ಎಂಬ ಹಡಗು, 2004ರದು. ಪೋರ್ಟ್ಸ್‌ಮತ್‌ಗೆ ಬರುವುದು ಇನ್ನೂ ನಿಧಾನ, ಒಂದು ದಿನಕ್ಕೂ ಜಾಸ್ತಿ. ಬಿಲ್ಬಾವೋದಿಂದ 30 ಗಂಟೆಯ ಆಸುಪಾಸು. ಈ ದಾರಿಗಳಲ್ಲಿ ಗಲೀಸಿಯಾ, ಸಲಮಾಂಕಾ, ಸಾಂತೋನ್ಯಾ ಎಂಬ ಹೊಸ ಹಡಗುಗಳು ಬಂದಿವೆ.

30 ಗಂಟೆ ಎಂದ ಕೂಡಲೇ ಹಲವರು ‘ಅಷ್ಟು ಹೊತ್ತಿನಲ್ಲಿ ಓಡಿಸಿಕೊಂಡೇ ಮನೆ ಸೇರಬಹುದಲ್ವಾ’ ಅನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಸಾಂತಾಂದೇರ್‌ನಿಂದ ಕ್ಯಾಲೆಗೆ ಸುಮಾರು 1,300 ಕಿ.ಮೀ. ಒಬ್ಬರೇ ಆದರೆ ಎರಡು ದಿನ ಕಷ್ಟಪಟ್ಟು ಓಡಿಸಬಹುದು. ಎಂಟು ಬೈಕು ಅಂದರೆ ಬೇರೆಯೇ ಕಥೆ. ಎಲ್ಲರಿಗಿಂತ ಚಿಕ್ಕ ಟ್ಯಾಂಕ್ ಇರುವ ಬೈಕು ಯಾವಾಗ ನಿಲ್ಲುತ್ತದೋ ಆಗ ಎಲ್ಲರೂ ನಿಲ್ಲಬೇಕು. ಪ್ರತಿ ಟೋಲ್ ಗೇಟಿನಲ್ಲೂ ಎಂಟು ಜನ ಗ್ಲೌಸ್ ಕಳಚಿ, ಕಾರ್ಡ್ ಹುಡುಕಿ, ಮತ್ತೆ ಗ್ಲೌಸ್ ಹಾಕಬೇಕು. ಒಬ್ಬರಿಗೆ ಕಾಫಿ, ಇನ್ನೊಬ್ಬರಿಗೆ ಶೌಚಾಲಯ. ಫ್ರಾನ್ಸಿನ ಹೆದ್ದಾರಿಯಲ್ಲಿ ಗಂಟೆಗೆ 130 ಕಿ.ಮೀ. ಮಿತಿ ಇದ್ದರೂ ಮಳೆ ಬಂದರೆ ಅದು 110ಕ್ಕೆ ಇಳಿಯುತ್ತದೆ. ನಿಲ್ಲುವುದನ್ನೆಲ್ಲ ಸೇರಿಸಿದರೆ ನಮ್ಮ ಗುಂಪಿನ ಸರಾಸರಿ 80 ದಾಟಲಿಲ್ಲ. ಅಂದರೆ ದಿನಕ್ಕೆ ಎಂಟು ಗಂಟೆಯಂತೆ ಎರಡು ಇಡೀ ದಿನ. ಮೇಲೆ ಫೆರಿ, ಅದರ ಮೇಲೆ ಇಂಗ್ಲೆಂಡಿನ ಡೋವರ್ ಬಂದರಿನಿಂದ ಮನೆ.

ಅದೇ ಪೋತೆಸ್‌ನಿಂದ ಸಾಂತಾಂದೇರ್ ಬಂದರು 110 ಕಿ.ಮೀ. ಆಸುಪಾಸು. ಬೆಳಗ್ಗೆ ಎದ್ದು ಎನ್-621 ರಸ್ತೆ ಹಿಡಿದು ಎರ್ಮೀದಾ ಕಣಿವೆಯಲ್ಲಿ ಇಳಿಯಬೇಕು. ಎರಡೂ ಕಡೆ ಸುಣ್ಣಕಲ್ಲಿನ ಗೋಡೆ, ಪಕ್ಕದಲ್ಲಿ ದೇವಾ ನದಿ, ಸುಮಾರು 20 ಕಿ.ಮೀ. ಉದ್ದಕ್ಕೂ ತಿರುವಿನ ಮೇಲೆ ತಿರುವು. ಎರಡನೇ ವರ್ಷ ನಾವು ಹಾಗೇ ಬಂದೆವು. ಪ್ರವಾಸದ ಕೊನೆಯ ದಿನವೂ ಪ್ರವಾಸವೇ ಆಗಿ ಉಳಿಯಿತು. ನನಗೆ ಸಾಂತಾಂದೇರ್ ಇಷ್ಟವಾಗುವುದಕ್ಕೆ ಇದೇ ದೊಡ್ಡ ಕಾರಣ. ಬಂದರು ಊರಿನ ಮಧ್ಯದಲ್ಲೇ ಇದೆ. ಹಡಗಿಗೆ ಕಾಯುವಾಗ ಪೆರೇದಾ ಉದ್ಯಾನದ ಮರದ ನೆರಳಿನಲ್ಲಿ ಕೂರಬಹುದು, ಊಟ ಮಾಡಬಹುದು. ಬಿಲ್ಬಾವೋ ಫೆರಿ ಹೊರಡುವುದು ಊರಿನಿಂದ ಸುಮಾರು 20 ಕಿ.ಮೀ. ದೂರದ ಸಿಯೆರ್ಬೆನಾದಿಂದ. ಸುತ್ತ ಬಂದರಿನ ಕಾಂಕ್ರೀಟು. ಜುಲೈ ಬಿಸಿಲಿನಲ್ಲಿ ಚರ್ಮದ ಜಾಕೆಟ್ ಹಾಕಿಕೊಂಡು ಅಲ್ಲಿ ಸಾಲಿನಲ್ಲಿ ನಿಲ್ಲುವುದು ಕಷ್ಟ. ಆದರೆ ನೀವು ಪಿರೆನೀಸ್ ಕಡೆಯಿಂದ ಬರುತ್ತಿದ್ದರೆ, ಉದಾಹರಣೆಗೆ ಹಾಕಾ ಊರಿನಿಂದ, ಪಾಂಪ್ಲೋನಾ ಮೇಲೆ ಬಿಲ್ಬಾವೋ ಸುಮಾರು 260 ಕಿ.ಮೀ. ಸಾಂತಾಂದೇರ್‌ಗೆ ಅದರ ಮೇಲೆ ಇನ್ನೊಂದು 100. ಅಲ್ಲಿಂದ ಬರುವವರಿಗೆ ಬಿಲ್ಬಾವೋನೇ ಸರಿ.

ಇನ್ನು ಸ್ಪೇನ್ ಹಡಗು ದಾಟಬೇಕಾದ ಬಿಸ್ಕೇ ಕೊಲ್ಲಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತೀರದ ಕಡೆ 200 ಮೀಟರ್ ಇರುವ ಸಮುದ್ರ ಮುಂದೆ ಹೋದಂತೆ 4,000 ಮೀಟರ್‌ಗೂ ಆಳಕ್ಕೆ ಇಳಿಯುತ್ತದೆ. ಅಟ್ಲಾಂಟಿಕ್‌ನಿಂದ ಅಡ್ಡಿಯಿಲ್ಲದೆ ಬರುವ ಉದ್ದುದ್ದ ಅಲೆ ಹಡಗನ್ನು ತೂಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಸಾಮಾನ್ಯವಾಗಿ ಶಾಂತ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಅಂದರೆ ಬೇರೆ. ವಾಂತಿ ಆಗುವ ಸ್ವಭಾವ ಇದ್ದವರು ಮಾತ್ರೆಯನ್ನು ಹಡಗು ಹೊರಡುವ ಮುಂಚೆಯೇ ನುಂಗಬೇಕು, ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕ್ಯಾಬಿನ್ ಹಡಗಿನ ನಡುಭಾಗದಲ್ಲಿ, ಕೆಳಗಿನ ಮಹಡಿಯಲ್ಲಿ ಸಿಕ್ಕರೆ ತೂಗಾಟ ಕಡಿಮೆ. ಸಮುದ್ರ ಶಾಂತವಾಗಿದ್ದರೆ ಮಾತ್ರ ಬೆಳಗ್ಗೆ ಮೇಲಿನ ಡೆಕ್ಕಿಗೆ ಹೋಗಿ ನಿಲ್ಲಿ. ಈ ಕೊಲ್ಲಿಯಲ್ಲಿ ಫಿನ್ ತಿಮಿಂಗಿಲಗಳಿವೆ. ನಮ್ಮ ಸಲ ದೂರದಲ್ಲಿ ಎರಡು ಕಂಡವು. ನೀರು ಚಿಮ್ಮಿದ್ದನ್ನು ನೋಡಿ ಎಂಟು ಜನ ಗಂಡಸರು ಚಿಕ್ಕ ಮಕ್ಕಳ ಹಾಗೆ ಕೂಗಿದೆವು.

ಅದಕ್ಕಿಂತ ಮುಖ್ಯವಾದದ್ದು ಆ ಹಡಗಿನ ಮೇಲೆ ಎಲ್ಲರೂ ಮಲಗಿದ್ದು. ಸುಮ್ನೆ ಮಲಗಿದ್ದು. ಪೋರ್ಟ್ಸ್‌ಮತ್‌ನಲ್ಲಿ ಇಳಿದಾಗ ನಮ್ಮ ಹಿರಿಯರು ಹೊರಡುವಾಗಿನಷ್ಟೇ ಚುರುಕಾಗಿದ್ದರು.

ಕ್ಯಾಲೆ ಮತ್ತು ಸುರಂಗ

ಕ್ಯಾಲೆಯ ಗುಣ ಒಂದೇ, ಸಲೀಸು. ಕ್ಯಾಲೆ–ಡೋವರ್ ಸುಮಾರು 90 ನಿಮಿಷ. ಮೂರು ಕಂಪನಿಗಳ ಹಡಗುಗಳಿವೆ, ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ಡನ್‌ಕರ್ಕ್–ಡೋವರ್ ಎರಡು ಗಂಟೆ. ಅಲ್ಲಿ ನೂಕುನುಗ್ಗಲು ಸ್ವಲ್ಪ ಕಡಿಮೆ. ಬೆಲ್ಜಿಯಂ ಕಡೆಯಿಂದ ಬರುವವರಿಗೆ ಅದು ದಾರಿಯಲ್ಲೇ ಸಿಗುತ್ತದೆ. ಆಲ್ಪ್ಸ್‌ನಿಂದ ಬರುವ, ಲಂಡನ್ ಸುತ್ತ ಅಥವಾ ಕೆಂಟ್‌ನಲ್ಲಿ ಮನೆ ಇರುವ ಗುಂಪಿಗೆ ನಾನು ಬೇರೆ ಏನನ್ನೂ ಹೇಳುವುದಿಲ್ಲ, ಕ್ಯಾಲೆಯೇ ಸರಿ. ಶಮೋನಿಯಿಂದ ಕ್ಯಾಲೆ ಸುಮಾರು 900 ಕಿ.ಮೀ. ರಾಂಸ್ ಹತ್ತಿರ ಒಂದು ರಾತ್ರಿ ತಂಗಿ ಬನ್ನಿ. ಒಂದೇ ದಿನ ಮುಗಿಸುತ್ತೇವೆ ಅಂದವರ ಮಾತಿಗೆ ಒಪ್ಪಬೇಡಿ.

ಫ್ರಾನ್ಸ್ ಮತ್ತು ಇಂಗ್ಲೆಂಡ್ ನಡುವೆ ಸಮುದ್ರದ ಕೆಳಗಿರುವ ಸುರಂಗದ ರೈಲು ಫೆರಿ ಅಲ್ಲ, ಆದರೂ ಹೋಲಿಕೆಯಲ್ಲಿ ಬರಲೇಬೇಕು. 1994ರಲ್ಲಿ ಶುರುವಾದ ಈ ಸುರಂಗ ಸುಮಾರು 50 ಕಿ.ಮೀ. ಉದ್ದ. ಬೈಕನ್ನು ರೈಲಿನ ಡಬ್ಬಿಯೊಳಗೇ ಓಡಿಸಿಕೊಂಡು ಹೋಗಿ, ಸೈಡ್ ಸ್ಟ್ಯಾಂಡ್ ಹಾಕಿ, ಗೇರಿನಲ್ಲಿ ಬಿಟ್ಟು ಪಕ್ಕದಲ್ಲೇ ನಿಂತಿರಬೇಕು. ಹಡಗಿನ ಹಾಗೆ ಬೈಕಿಗೆ ಬೆಲ್ಟ್ ಕಟ್ಟುವ ಕೆಲಸ ಇಲ್ಲ. 35 ನಿಮಿಷಕ್ಕೆ ಫೋಕ್‌ಸ್ಟನ್, ಹೊರಗೆ ಬಂದರೆ ಎಂ20 ಹೆದ್ದಾರಿ. ಗಾಳಿ ಜೋರಾಗಿ ಹಡಗುಗಳು ತಡವಾಗುವ ದಿನ ಇದರ ಬೆಲೆ ಗೊತ್ತಾಗುತ್ತದೆ. ಕೊರತೆ ಅಂದರೆ ವಿಶ್ರಾಂತಿ ಸಿಗುವುದಿಲ್ಲ. ಫೆರಿಯಲ್ಲಿ ಒಂದೂವರೆ ಗಂಟೆ ಕೂತು ಬಿಸಿ ಊಟ ಮಾಡಿ ಕಾಲು ಚಾಚಬಹುದು. ಸುರಂಗದಲ್ಲಿ ಕೂರಲು ಸರಿಯಾದ ಜಾಗವೂ ಇಲ್ಲ. ಇಡೀ ದಿನ ಬೈಕು ಓಡಿಸಿ ಬಂದ ಗುಂಪಿಗೆ ನಾನು ಫೆರಿಯನ್ನೇ ಹೇಳುತ್ತೇನೆ.

ಇವೆರಡಕ್ಕೂ ಇನ್ನೊಂದು ಅನುಕೂಲ ಇದೆ, ಹಲವರಿಗೆ ಗೊತ್ತಿಲ್ಲ. ಕ್ಯಾಲೆ, ಡನ್‌ಕರ್ಕ್ ಮತ್ತು ಸುರಂಗದ ಕೊಕೆಲ್ ನಿಲ್ದಾಣದಲ್ಲಿ ಬ್ರಿಟನ್ನಿನ ಪಾಸ್‌ಪೋರ್ಟ್ ತಪಾಸಣೆ ಹತ್ತುವ ಮೊದಲೇ ಮುಗಿಯುತ್ತದೆ. ಈ ಕಡೆ ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು ಇಲ್ಲ. ಪೋರ್ಟ್ಸ್‌ಮತ್, ಪ್ಲಿಮತ್, ಪೂಲ್, ಹ್ಯಾರಿಚ್, ಹಲ್ ಬಂದರುಗಳಲ್ಲಿ ತಪಾಸಣೆ ಇಳಿದ ಮೇಲೆ. ರಾತ್ರಿ ಒಂಬತ್ತಕ್ಕೆ ಹಡಗು ಬಂತು ಅಂದರೆ ರಸ್ತೆಗೆ ಬರುವಾಗ ಹತ್ತು ಗಂಟೆ ಎಂದುಕೊಂಡೇ ಲೆಕ್ಕ ಹಾಕಿ.

ನಡುವಿನ ದಾರಿ

ಸ್ಪೇನ್‌ನ ಹಡಗು ಸಿಗಲಿಲ್ಲ, ಕ್ಯಾಲೆ ತುಂಬಾ ದೂರ. ಆಗ ಫ್ರಾನ್ಸಿನ ನಾರ್ಮಂಡಿ ಮತ್ತು ಬ್ರಿಟನಿ ಪ್ರಾಂತ್ಯಗಳ ತೀರದ ಬಂದರುಗಳನ್ನು ನೋಡಿ. ಮೊದಲ ವರ್ಷ ನಮಗೆ ಇದು ಹೊಳೆಯಲೇ ಇಲ್ಲ. ಮೂರನೇ ಪ್ರವಾಸದಲ್ಲಿ ಇದೇ ದಾರಿಯಲ್ಲಿ ಬಂದೆವು.

ಬಿಲ್ಬಾವೋದಿಂದ ಬೋರ್ದೋ, ನಾಂತ್, ರೆನ್ ಮೇಲೆ ಸೇಂಟ್ ಮಾಲೊ ಸುಮಾರು 850 ಕಿ.ಮೀ. ಕ್ಯಾಲೆಗೆ ಹೋಲಿಸಿದರೆ ಸುಮಾರು 350 ಕಿ.ಮೀ. ಉಳಿತಾಯ. ಅಂದರೆ ಅರ್ಧ ದಿನಕ್ಕೂ ಜಾಸ್ತಿ ಸವಾರಿ ಕಡಿಮೆ. ಸೇಂಟ್ ಮಾಲೊದಿಂದ ಪೋರ್ಟ್ಸ್‌ಮತ್‌ಗೆ ಬರುವ ಹಡಗು ಸಾಮಾನ್ಯವಾಗಿ ಬೆಳಗ್ಗೆ ಹೊರಟು ಸಂಜೆ ಸೇರುತ್ತದೆ. ಕೋಟೆಗೋಡೆಯ ಆ ಹಳೇ ಊರಿನಲ್ಲಿ ಹಿಂದಿನ ರಾತ್ರಿ ತಂಗಿದರೆ ಪ್ರವಾಸಕ್ಕೆ ಒಳ್ಳೆಯ ಕೊನೆ ಸಿಗುತ್ತದೆ. ಪಶ್ಚಿಮದ ರೋಸ್ಕಾಫ್‌ನಿಂದ ಪ್ಲಿಮತ್ ಹಗಲಿನಲ್ಲಿ ಆರು ಗಂಟೆಯ ಆಸುಪಾಸು. ಡೆವನ್, ಕಾರ್ನ್‌ವಾಲ್‌ನವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಷೆರ್ಬೂರ್‌ನಿಂದ ಪೂಲ್ ನಾಲ್ಕೂಕಾಲು ಗಂಟೆ. ದಿಯೆಪ್‌ನಿಂದ ನ್ಯೂಹೇವನ್ ನಾಲ್ಕು ಗಂಟೆ. ಬ್ರೈಟನ್ ಕಡೆಯವರಿಗೆ ಇದು ಮನೆಬಾಗಿಲು.

ಕಾಂ ಊರಿನ ಫೆರಿ ಎಂದು ಬರೆದಿರುತ್ತಾರೆ, ಹೊರಡುವುದು ಅಲ್ಲಿಂದ 15 ಕಿ.ಮೀ. ದೂರದ ವಿಸ್ತ್ರೆಆಂ ಎಂಬ ಸಮುದ್ರದ ಊರಿನಿಂದ. ಹಗಲಿನ ಪಯಣ ಆರು ಗಂಟೆ. ರಾತ್ರಿ ಹಡಗೂ ಇದೆ. ಈ ರಾತ್ರಿ ಹಡಗಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕಾಗದದ ಮೇಲೆ ಇದು ಅದ್ಭುತವಾಗಿ ಕಾಣುತ್ತದೆ. ಸಂಜೆವರೆಗೂ ಸುತ್ತಿ, ರಾತ್ರಿ ಮಲಗಿ, ಬೆಳಗ್ಗೆ ಮನೆ. ಆದರೆ ಹಡಗು ಹತ್ತಿ, ಬೈಕು ಕಟ್ಟಿ, ಸ್ನಾನ ಮಾಡುವಷ್ಟರಲ್ಲಿ ನಡುರಾತ್ರಿ. ಮುಂಜಾನೆಯೇ ಎಬ್ಬಿಸುತ್ತಾರೆ. ನಿದ್ದೆ ಐದು ಗಂಟೆ ಸಿಕ್ಕರೆ ಹೆಚ್ಚು. ಆಮೇಲೆ ಬೆಳಗಿನ ದಟ್ಟಣೆಯಲ್ಲಿ ಎಂ27, ಎಂ3 ಹೆದ್ದಾರಿ. ಪೋರ್ಟ್ಸ್‌ಮತ್‌ನಿಂದ 100 ಕಿ.ಮೀ. ಒಳಗೆ ಮನೆ ಇದ್ದವರಿಗೆ ತೊಂದರೆಯಿಲ್ಲ. ಅದಕ್ಕಿಂತ ದೂರ ಇದ್ದರೆ ಹಗಲಿನ ಹಡಗೇ ಒಳ್ಳೆಯದು. ಆ ಅರ್ಧ ದಿನ ವ್ಯರ್ಥ ಅಂತೂ ಅಲ್ಲ. 1944ರ ಜೂನ್ 6ರಂದು ಬ್ರಿಟಿಷ್ ಸೈನಿಕರು ಇಳಿದ ಸೋರ್ಡ್ ತೀರ ಅದೇ ವಿಸ್ತ್ರೆಆಂನಲ್ಲಿದೆ. ಬೈಕು ನಿಲ್ಲಿಸಿ ಮರಳಿನ ಮೇಲೆ ನಡೆದು ಬರಬಹುದು.

ಪ್ಯಾರಿಸ್ ಕಡೆಯಿಂದ ನಾರ್ಮಂಡಿಗೆ ಎ13 ಹೆದ್ದಾರಿಯಲ್ಲಿ ಬರುವವರು ಒಂದು ವಿಷಯ ಬರೆದಿಟ್ಟುಕೊಳ್ಳಿ. 2024ರಿಂದ ಅಲ್ಲಿ ಟೋಲ್ ಗೇಟುಗಳನ್ನು ತೆಗೆದು, ಕ್ಯಾಮೆರಾದಲ್ಲಿ ನಂಬರ್ ಓದುವ ವ್ಯವಸ್ಥೆ ಮಾಡಿದ್ದಾರೆ. 72 ಗಂಟೆಯೊಳಗೆ ನೀವೇ ಆನ್‌ಲೈನ್‌ನಲ್ಲಿ ಹಣ ಕಟ್ಟಬೇಕು. ಗೇಟೇ ಇಲ್ಲದಿರುವಾಗ ಮರೆತುಹೋಗುವುದು ಸುಲಭ. ಮರೆತರೆ ದಂಡ ಬೀಳುತ್ತದೆ. ಗುಂಪಿನಲ್ಲಿ ಒಬ್ಬರು ಜವಾಬ್ದಾರಿ ತೆಗೆದುಕೊಂಡು, ಹಡಗು ಹತ್ತಿದ ಕೂಡಲೇ ಎಲ್ಲರಿಗೂ ನೆನಪಿಸಲಿ.

ಉತ್ತರದವರಿಗೆ ಉತ್ತರ ಸಮುದ್ರ

ಯಾರ್ಕ್‌ಷೈರ್, ನ್ಯೂಕಾಸಲ್, ಸ್ಕಾಟ್ಲೆಂಡ್ ಕಡೆ ಮನೆ ಇರುವವರು ಕ್ಯಾಲೆಯನ್ನೇ ಹಿಡಿದುಕೊಂಡು ಕೂರುವುದು ನೋಡಿದರೆ ನನಗೆ ಬೇಸರವಾಗುತ್ತದೆ. ಡೋವರ್‌ನಿಂದ ಲೀಡ್ಸ್ ಸುಮಾರು 430 ಕಿ.ಮೀ. ಪ್ರವಾಸ ಮುಗಿದೇ ಹೋಯಿತು ಎಂದು ಮನಸ್ಸು ಸಡಿಲವಾದ ಮೇಲೆ ಲಂಡನ್ ಸುತ್ತುವ ಎಂ25ರಲ್ಲಿ ಸಿಕ್ಕಿಕೊಂಡು, ಮತ್ತೆ ನಾಲ್ಕೈದು ಗಂಟೆ ಓಡಿಸಬೇಕು. ಹಲ್ ಬಂದರಿನಿಂದ ಲೀಡ್ಸ್ 100 ಕಿ.ಮೀ. ಕೂಡ ಇಲ್ಲ.

ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಕಾಡಿನ ಅಂಚಿನ ಫ್ರೈಬುರ್ಗ್‌ನಿಂದ ಕ್ಯಾಲೆಗೂ ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್‌ಗೂ ದೂರ ಹೆಚ್ಚುಕಡಿಮೆ ಒಂದೇ, ಸುಮಾರು 700 ಕಿ.ಮೀ. ಹಾಗಾದರೆ ಮನೆ ಎಲ್ಲಿದೆ ಅನ್ನುವುದೇ ತೀರ್ಮಾನ ಮಾಡಬೇಕು ಅಲ್ವಾ? ರೋಟರ್‌ಡ್ಯಾಮ್‌ನ ಯೂರೋಪೋರ್ಟ್‌ನಿಂದ ಹಲ್‌ಗೆ ಪಿ ಆ್ಯಂಡ್ ಓ ಹಡಗು ರಾತ್ರಿಯಿಡೀ ಓಡುತ್ತದೆ, 11–12 ಗಂಟೆ. ಹಿಂದೆ ಬೆಲ್ಜಿಯಂನ ಝೀಬ್ರುಗ್‌ನಿಂದಲೂ ಹಲ್‌ಗೆ ಹಡಗು ಇತ್ತು, 2021ರಲ್ಲಿ ನಿಂತಿತು. ಹಳೆಯ ನೆನಪಿನ ಮೇಲೆ ಅಲ್ಲಿಗೆ ಯೋಜನೆ ಹಾಕಬೇಡಿ. ಆಮ್‌ಸ್ಟರ್‌ಡ್ಯಾಮ್ ಹತ್ತಿರದ ಐಮೌಡನ್‌ನಿಂದ ನ್ಯೂಕಾಸಲ್‌ಗೆ ಡಿಎಫ್‌ಡಿಎಸ್ ಹಡಗು, ಸುಮಾರು 16 ಗಂಟೆ. ಸಂಜೆ ಹತ್ತಿ, ಊಟ ಮಾಡಿ, ತುಂಬಾ ಹೊತ್ತು ಮಲಗಿ, ತಿಂಡಿ ತಿಂದು ಇಳಿಯಬಹುದು. ರಾತ್ರಿ ಹಡಗುಗಳಲ್ಲಿ ನನ್ನ ಮೆಚ್ಚಿನದು ಇದೇ. ಹುಕ್ ಆಫ್ ಹಾಲೆಂಡ್‌ನಿಂದ ಹ್ಯಾರಿಚ್‌ಗೆ ಸ್ಟೆನಾ ಲೈನ್ ಇದೆ, ಹಗಲೂ ಉಂಟು ರಾತ್ರಿಯೂ ಉಂಟು. ಎಸೆಕ್ಸ್, ಕೇಂಬ್ರಿಜ್ ಕಡೆಯವರಿಗೆ ಅದು ಸರಿ.

ಹಣದ ಲೆಕ್ಕ

ಟಿಕೆಟ್ ದರವನ್ನಷ್ಟೇ ನೋಡಿದರೆ ಕ್ಯಾಲೆ ಯಾವಾಗಲೂ ಗೆಲ್ಲುತ್ತದೆ. ಆದರೆ ಅದು ಪೂರ್ತಿ ಲೆಕ್ಕ ಅಲ್ಲ. ಒಂದು ಹಾಳೆ ತೆಗೆದುಕೊಂಡು ಎರಡು ಅಂಕಣ ಮಾಡಿ. ಸ್ಪೇನ್ ಹಡಗಿನ ಕೆಳಗೆ ಬೈಕು, ಒಬ್ಬರ ಪಾಲಿನ ಕ್ಯಾಬಿನ್, ಹಡಗಿನ ಊಟ ಬರೆಯಿರಿ. ಕ್ಯಾಲೆಯ ಕೆಳಗೆ ಫೆರಿ, ಪೆಟ್ರೋಲ್, ಟೋಲ್, ಒಂದೋ ಎರಡೋ ರಾತ್ರಿ ಹೋಟೆಲ್, ಎರಡು ದಿನದ ಊಟ ಬರೆಯಿರಿ. ಲೀಟರಿಗೆ 20 ಕಿ.ಮೀ. ಕೊಡುವ ಬೈಕಿಗೆ 1,300 ಕಿ.ಮೀ.ಗೆ 65 ಲೀಟರ್ ಬೇಕು. ಫ್ರಾನ್ಸಿನ ಟೋಲ್‌ನಲ್ಲಿ ಬೈಕುಗಳಿಗೆ ಬೇರೆ ವರ್ಗ ಇದೆ, ಕಾರಿಗಿಂತ ಕಡಿಮೆ. ಆದರೂ ಇಡೀ ದೇಶ ದಾಟುವಾಗ ಅದು ಸೇರುತ್ತಾ ಹೋಗುತ್ತದೆ. ಕೊನೆಗೆ ಹಿಂದಿನ ಟೈರ್. ಬೆಟ್ಟದ ತಿರುವಿನಲ್ಲಿ ಅಂಚು ಸವೆದರೆ, ನೇರ ಹೆದ್ದಾರಿಯಲ್ಲಿ ನಡುಭಾಗ ಚಪ್ಪಟೆಯಾಗುತ್ತದೆ. ಪ್ರವಾಸಕ್ಕೆ ಹೊರಡುವಾಗಲೇ ಅರ್ಧ ಸವೆದ ಟೈರ್ ಇದ್ದರೆ ಈ 1,300 ಕಿ.ಮೀ. ಅದನ್ನು ಮುಗಿಸಿಬಿಡಬಹುದು.

ನಾವು ಹೀಗೆ ಬರೆದು ನೋಡಿದಾಗ ಎರಡರ ನಡುವಿನ ಅಂತರ ನಾವು ಅಂದುಕೊಂಡಿದ್ದಕ್ಕಿಂತ ತುಂಬಾ ಕಡಿಮೆ ಇತ್ತು. ಕ್ಯಾಬಿನ್‌ನಲ್ಲಿ ನಾಲ್ಕು ಜನ ಇದ್ದರೆ ಇನ್ನೂ ಕಡಿಮೆ. ಒಬ್ಬೊಬ್ಬರಿಗೆ ಒಂದೊಂದು ಕ್ಯಾಬಿನ್ ಅಂದರೆ ಹಡಗು ದುಬಾರಿ, ಅದು ನಿಜ. ಗೊರಕೆ ಹೊಡೆಯುವವರನ್ನು ಒಂದೇ ಕ್ಯಾಬಿನ್‌ಗೆ ಹಾಕುವುದನ್ನು ಟಿಕೆಟ್ ಮಾಡುವಾಗಲೇ ಮಾತಾಡಿಕೊಳ್ಳಿ. ಇದು ಸಣ್ಣ ವಿಷಯ ಅಲ್ಲ. ನಿದ್ದೆಗಾಗಿಯೇ ಹಡಗು ಆರಿಸಿದ್ದು, ಅದೇ ಸಿಗದಿದ್ದರೆ ಹೇಗೆ?

ಎಲ್ಲರೂ ಒಂದೇ ಹಡಗಿನಲ್ಲಿ ಬರಬೇಕಾ?

ಬೇಡ. ಇದನ್ನು ಒಪ್ಪಿಕೊಳ್ಳುವುದಕ್ಕೆ ನಮಗೆ ಮೂರು ವರ್ಷ ಬೇಕಾಯಿತು. ಒಟ್ಟಿಗೆ ಹೊರಟವರು ಒಟ್ಟಿಗೇ ಮನೆ ಮುಟ್ಟಬೇಕು ಅನ್ನುವ ಆಸೆ ನನಗೂ ಇದೆ. ಆದರೆ ಲೀಡ್ಸ್‌ನವರನ್ನೂ ಪ್ಲಿಮತ್‌ನವರನ್ನೂ ಒಂದೇ ಬಂದರಿಗೆ ಎಳೆದರೆ ಯಾರಾದರೂ ಒಬ್ಬರು ಕತ್ತಲಲ್ಲಿ ಒಂಟಿಯಾಗಿ ನೂರಾರು ಕಿ.ಮೀ. ಓಡಿಸಲೇಬೇಕಾಗುತ್ತದೆ. ಕೊನೆಯ ರಾತ್ರಿ ಒಟ್ಟಿಗೆ ಊಟ ಮಾಡಿ, ಬೆಳಗ್ಗೆ ಎರಡು ಗುಂಪಾಗಿ ಬೇರೆಬೇರೆ ಬಂದರಿಗೆ ಹೋಗಿ. ಯಾರನ್ನೂ ಒಬ್ಬರೇ ಬಿಡದಂತೆ ಕನಿಷ್ಠ ಇಬ್ಬಿಬ್ಬರು ಇರಲಿ.

ಟಿಕೆಟ್ ಒಬ್ಬರ ಹೆಸರಲ್ಲಿ ಒಟ್ಟಿಗೆ ಮಾಡಿದರೆ ಕ್ಯಾಬಿನ್ ಹಂಚುವುದು ಸುಲಭ. ಆದರೆ ಒಬ್ಬರ ಬೈಕು ಕೆಟ್ಟರೆ ಅವರದ್ದನ್ನಷ್ಟೇ ಬದಲಿಸುವುದು ತಲೆನೋವು. ಒಂದು ಸಲ ನಮ್ಮಲ್ಲಿ ಒಬ್ಬರ ಕ್ಲಚ್ ಹೋಯಿತು. ಅವರ ಹೆಸರು ಎಲ್ಲರ ಜೊತೆ ಒಂದೇ ಟಿಕೆಟ್‌ನಲ್ಲಿತ್ತು. ಅದನ್ನು ಬಿಡಿಸಲು ಫೋನಿನಲ್ಲಿ ಅರ್ಧ ದಿನ ಕಳೆಯಿತು. ಈಗ ನಾವು ಕ್ಯಾಬಿನ್‌ಗೊಂದು ಟಿಕೆಟ್ ಮಾಡುತ್ತೇವೆ, ಇಬ್ಬರೋ ನಾಲ್ವರೋ ಅಷ್ಟೇ. ದಿನಾಂಕ ಬದಲಿಸಬಹುದಾದ ದರ ಸ್ವಲ್ಪ ಜಾಸ್ತಿಯಾದರೂ ಬರುವ ಹಡಗಿಗೆ ಅದನ್ನೇ ತೆಗೆದುಕೊಳ್ಳುತ್ತೇವೆ. ಬೇಸಿಗೆಗೆ ಸ್ಪೇನ್ ಹಡಗು ಬೇಕಿದ್ದರೆ ಚಳಿಗಾಲದಲ್ಲೇ ಟಿಕೆಟ್ ಮಾಡಿ.

ಡೆಕ್ಕಿನಲ್ಲಿ

ಬೈಕು ನಿಲ್ಲಿಸುವ ಡೆಕ್ಕಿನದು ಉಕ್ಕಿನ ನೆಲ, ಒದ್ದೆ, ಮೇಲೆ ಎಣ್ಣೆಯ ಪಸೆ. ಮೆಲ್ಲಗೆ, ನೇರವಾಗಿ ಹೋಗಿ. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಜೋರಾಗಿ ಹಿಡಿಯಬೇಡಿ. ಸಿಬ್ಬಂದಿ ತೋರಿಸಿದ ಜಾಗದಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ, ಮೊದಲ ಗೇರಿನಲ್ಲಿ ಬಿಡಿ. ಮುಂದಿನ ಬ್ರೇಕ್ ಲಿವರನ್ನು ಹಿಡಿಕೆಗೆ ಸೇರಿಸಿ ಒಂದು ವೆಲ್ಕ್ರೋ ಪಟ್ಟಿ ಸುತ್ತಿದರೆ ಬೈಕು ಅಲುಗುವುದಿಲ್ಲ. ಬೆಲ್ಟ್ ಸಾಮಾನ್ಯವಾಗಿ ಸೀಟಿನ ಮೇಲಿಂದ ಬರುತ್ತದೆ. ಅದರ ಕೆಳಗೆ ಇಡಲು ಹಡಗಿನವರು ಮೆತ್ತೆ ಕೊಡುತ್ತಾರೆ. ಕೊಡದಿದ್ದರೆ ನಿಮ್ಮ ಹಳೆಯ ಟವೆಲ್ ಇರಲಿ. ಕೆಲವು ಹಡಗುಗಳಲ್ಲಿ ಸಿಬ್ಬಂದಿ ಕಟ್ಟುತ್ತಾರೆ, ಕೆಲವದರಲ್ಲಿ ನಾವೇ ಕಟ್ಟಬೇಕು. ಯಾರೇ ಕಟ್ಟಲಿ, ಹೋಗುವ ಮುಂಚೆ ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡಿ. ಒಂದು ಪಯಣದಲ್ಲಿ ನನ್ನ ಪಕ್ಕದ ಬೈಕಿನ ಬೆಲ್ಟ್ ಸಡಿಲವಾಗಿ ನನ್ನ ಪೆಟ್ಟಿಗೆಯ ಮೇಲೆ ಉದ್ದಕ್ಕೂ ಗೀರು ಬಿತ್ತು. ಅಂದಿನಿಂದ ಪಕ್ಕದವರದ್ದನ್ನೂ ಅಲ್ಲಾಡಿಸಿ ನೋಡುತ್ತೇನೆ. ವಾಲಿದರೆ ಕೂಗುವ ಅಲಾರಂ ಇದ್ದರೆ ಆರಿಸಿಬಿಡಿ, ಇಲ್ಲದಿದ್ದರೆ ಅಲೆಗೆ ಕೂಗಿ ಕೂಗಿ ಬ್ಯಾಟರಿ ಖಾಲಿಯಾಗುತ್ತದೆ.

ಹಡಗು ಹೊರಟ ಮೇಲೆ ಆ ಡೆಕ್ಕಿಗೆ ಬೀಗ. ಮಾತ್ರೆ, ಚಾರ್ಜರ್, ಹಲ್ಲುಜ್ಜುವ ಬ್ರಷ್, ಬದಲಿ ಬಟ್ಟೆ, ಪಾಸ್‌ಪೋರ್ಟ್ ಎಲ್ಲ ಒಂದು ಸಣ್ಣ ಚೀಲದಲ್ಲಿ ಮೊದಲೇ ಇಟ್ಟುಕೊಳ್ಳಿ. ರಕ್ತದೊತ್ತಡದ ಮಾತ್ರೆಯನ್ನು ಬೈಕಿನ ಪೆಟ್ಟಿಗೆಯಲ್ಲೇ ಬಿಟ್ಟು 30 ಗಂಟೆಯ ಹಡಗು ಹತ್ತಿದವರನ್ನು ನಾನು ನೋಡಿದ್ದೇನೆ.

ಕಾಗದಪತ್ರ

ಭಾರತದ ಪಾಸ್‌ಪೋರ್ಟ್ ಇರುವವರು ಷೆಂಗೆನ್ ವೀಸಾದ (ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಕೊನೆಯ ದಿನಕ್ಕೇ ಹಡಗು ಇಟ್ಟುಕೊಳ್ಳಬಾರದು. ಬಿರುಗಾಳಿಗೆ ಹಡಗು ಒಂದು ದಿನ ತಡವಾದರೂ ವೀಸಾ ಮುಗಿದಿರುತ್ತದೆ. ಮೂರ್ನಾಲ್ಕು ದಿನ ಕೈಯಲ್ಲಿರಲಿ. ಬ್ರಿಟನ್ನಿನ ವಾಸದ ಅನುಮತಿ ಈಗ ಇ-ವೀಸಾ ರೂಪದಲ್ಲಿದೆ. ಪಾಸ್‌ಪೋರ್ಟ್ ಹೊಸದು ಮಾಡಿಸಿದ್ದರೆ ಆ ಖಾತೆಯಲ್ಲಿ ಹೊಸ ನಂಬರ್ ಸೇರಿಸಿದ್ದೀರಾ ಎಂದು ಹೊರಡುವ ಮುಂಚೆಯೇ ನೋಡಿ. ಹಡಗು ಹತ್ತಿಸುವವರು ಅದನ್ನೇ ಪರೀಕ್ಷಿಸುತ್ತಾರೆ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಬೆರಳಚ್ಚು, ಮುಖದ ಫೋಟೋ ದಾಖಲಿಸುವ ಹೊಸ ವ್ಯವಸ್ಥೆ ಹಂತಹಂತವಾಗಿ ಶುರುವಾಯಿತು. ಹೊರಹೋಗುವುದೂ ಅದರಲ್ಲಿ ದಾಖಲಾಗುತ್ತದೆ. ಬ್ರಿಟಿಷ್ ಪಾಸ್‌ಪೋರ್ಟ್‌ನವರಿಗೂ ಇದು ಅನ್ವಯಿಸುತ್ತದೆ. ಬಂದರಿಗೆ ಸ್ವಲ್ಪ ಬೇಗ ಹೋಗಿ.

ಸ್ಪೇನ್‌ನ ಹ್ಯಾಮ್, ಚೀಸ್ ತರುವ ಆಸೆ ಬಿಡಿ. 2025ರ ಏಪ್ರಿಲ್ 12ರಿಂದ ಯೂರೋಪಿಯನ್ ಒಕ್ಕೂಟದಿಂದ ಗ್ರೇಟ್ ಬ್ರಿಟನ್‌ಗೆ ದನ, ಕುರಿ, ಆಡು, ಹಂದಿ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಸ್ವಂತಕ್ಕೂ ತರುವಂತಿಲ್ಲ ಎಂದು ನಿಯಮ ಬಂತು. ಕಾಲುಬಾಯಿ ರೋಗ ಹರಡದಿರಲಿ ಎಂದು. ಆಲಿವ್ ಎಣ್ಣೆ ತನ್ನಿ, ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಮಧ್ಯದಲ್ಲಿಡಿ.

ಇಳಿದ ಮೇಲೆ

ಎರಡು ವಾರ ಬಲಗಡೆ ಓಡಿಸಿದ ಕೈಗಳು ಅವು. ತಪ್ಪು ಆಗುವುದು ಮೊದಲ ರೌಂಡ್‌ಅಬೌಟ್‌ನಲ್ಲಿ ಅಥವಾ ಪೆಟ್ರೋಲ್ ಬಂಕಿನಿಂದ ಖಾಲಿ ರಸ್ತೆಗೆ ಬರುವಾಗ. ಬಂದರಿನಲ್ಲಿ ಮುಂದೆ ಕಾರುಗಳ ಸಾಲು ಇರುವುದರಿಂದ ಎಡಕ್ಕೇ ಇರುತ್ತೇವೆ. ಒಂಟಿಯಾದಾಗಲೇ ಅಪಾಯ. ನಾವು ಟ್ಯಾಂಕಿನ ಮೇಲೆ ಎಡಕ್ಕೆ ತೋರಿಸುವ ಬಾಣದ ಗುರುತಿನ ಟೇಪ್ ಅಂಟಿಸುತ್ತೇವೆ. ಗಡಿಯಾರವನ್ನೂ ಒಂದು ಗಂಟೆ ಹಿಂದಕ್ಕೆ ತಿರುಗಿಸಿ. ಮೈಗೆ ಮಾತ್ರ ಇನ್ನೂ ಸ್ಪೇನ್‌ನ ಸಮಯವೇ. ರಾತ್ರಿ ಒಂಬತ್ತು ಅಂದರೆ ಅದಕ್ಕೆ ಹತ್ತು.

ಕಳೆದ ಸಲ ಪೋರ್ಟ್ಸ್‌ಮತ್‌ಗೆ ರಾತ್ರಿ ತಡವಾಗಿ ಬಂದೆವು. ಹಿರಿಯರ ಮನೆಗೆ ಇನ್ನೂ ಮೂರು ಗಂಟೆ ದಾರಿ. ಅವರಿಗಾಗಿ ಬಂದರಿನ ಹತ್ತಿರ ಒಂದು ಕೋಣೆಯನ್ನು ಮೊದಲೇ ಕಾದಿರಿಸಿದ್ದೆವು. ಬೆಳಗ್ಗೆ ತಿಂಡಿ ತಿಂದು ಹೊರಟ ಅವರು ಮಧ್ಯಾಹ್ನ ಗುಂಪಿಗೆ ಒಂದು ಫೋಟೋ ಕಳಿಸಿದರು. ಮನೆಯ ಮುಂದೆ ನಿಂತ ಬೈಕು, ಸೀಟಿನ ಮೇಲೆ ಹೆಲ್ಮೆಟ್, ಟ್ಯಾಂಕಿನ ಮೇಲೆ ಇನ್ನೂ ಅಂಟಿಕೊಂಡಿದ್ದ ಆ ಬಾಣ.